ಕತ್ತರಿಸಿದ ಮೊಟ್ಟೆಗೂಡು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವನಲ್ಲ. ಕಬ್ಬಿನ ಹೊಲದಲ್ಲಿ ಬಿಳಿ ಸೀರೆಯವಳು ಕಂಡಳು, ಹಾಳುಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದರು ಎಂದು ಯಾರಾದರೂ ಶುರು ಮಾಡಿದರೆ ನಗು ತಡೆದುಕೊಳ್ಳುವುದೇ ನನಗೆ ಕಷ್ಟವಾಗುತ್ತಿತ್ತು. ಎಷ್ಟು ಗಂಟೆಗೆ ಕಂಡಳು, ಆಗ ನೀನು ಎಲ್ಲಿಂದ ಬರುತ್ತಿದ್ದೆ ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು, ಹೇಳುವವರ ಧ್ವನಿ ತಾನಾಗಿಯೇ ಇಳಿಯುತ್ತಿತ್ತು. "ನಿಮ್ಮ ಮುಂದ ಯಾರೂ ಏನೂ ಹೇಳಬಾರದ ನೋಡ್ರಿ" ಎಂದು ನನ್ನ ಹೆಂಡತಿ ಬೈಯುತ್ತಿದ್ದಳು. ಈಗ ಹೇಳುವ ಸರದಿ ನನ್ನದಾಗಿದೆ. ನಡುವೆ ನಿಮಗೇನಾದರೂ ಪ್ರಶ್ನೆ ಹುಟ್ಟಿದರೆ ಅದನ್ನು ನಾನೂ ಕೇಳಿಕೊಂಡಿದ್ದೇನೆ ಎಂದು ತಿಳಿಯಿರಿ.

ಅಥಣಿಯಲ್ಲಿ ನನ್ನದೊಂದು ಅಂಗಡಿ ಇದೆ. ದ್ರಾಕ್ಷಿ, ಕಬ್ಬು, ತರಕಾರಿಗೆ ಹೊಡೆಯುವ ಔಷಧಗಳನ್ನು ಮಾರುತ್ತೇನೆ. ಧಾರವಾಡದಲ್ಲಿ ಕೃಷಿ ಓದಿದವನು, ಬೇರೆ ಏನಾದರೂ ಮಾಡಬಹುದಿತ್ತು. ಜೈನರ ಮನೆಯಲ್ಲಿ ಹುಟ್ಟಿ ಹುಳ ಕೊಲ್ಲುವ ಔಷಧ ಮಾರುವುದೆಂದರೇನು ಎಂದು ಮನೆಯಲ್ಲಿ ಆಗ ದೊಡ್ಡ ಗಲಾಟೆಯೇ ಆಯಿತು. ಅಪ್ಪ ನಾಲ್ಕು ದಿನ ಮುಖ ಊದಿಸಿಕೊಂಡು ಕೊನೆಗೆ ಸುಮ್ಮನಾದರು. ಸುಮ್ಮನಾಗದವಳು ಅವರ ತಂಗಿ, ನನ್ನ ಚಂಪಾ ಅತ್ತೆ. ಅಂಗಡಿ ಪೂಜೆಗೆ ಬಂದವಳು ಪ್ರಸಾದ ತಗೊಂಡು, ಸುತ್ತಲಿನ ಬಾಟಲಿಗಳನ್ನೆಲ್ಲ ಒಂದು ಸಲ ನೋಡಿ, "ಅಂಗಡಿ ಚೊಲೋ ಐತಿ ಬಾಳಾ, ನಾ ಮಾತ್ರ ಮತ್ತ ಇಲ್ಲಿ ಕಾಲಿಡಂಗಿಲ್ಲ" ಎಂದಳು. ಹೇಳಿದಂತೆಯೇ ಇವತ್ತಿನವರೆಗೂ ಕಾಲಿಟ್ಟಿಲ್ಲ. ಹಾಗಂತ ನನ್ನ ಮೇಲಿನ ಪ್ರೀತಿಯೇನೂ ಕಡಿಮೆಯಾಗಲಿಲ್ಲ. ಅವಳಿಗೆ ನಾನು ಈಗಲೂ ಬಾಳಾ, ಅಂದರೆ ಕೂಸು. ಹಬ್ಬಕ್ಕೆ ಹೋಳಿಗೆ ಕಟ್ಟಿ ಕಳಿಸುವವಳು ಅವಳೇ.

ಹುಳಗಳ ವಿಷಯ ನನಗೆ ಚೆನ್ನಾಗಿ ಗೊತ್ತು. ಅದು ಹೆಚ್ಚುಗಾರಿಕೆಯ ಮಾತಲ್ಲ, ಹೊಟ್ಟೆಪಾಡು. ಗಿರಾಕಿಗಳು ಪ್ಲಾಸ್ಟಿಕ್ ಚೀಲದಲ್ಲಿ ಎಲೆ, ಕಡ್ಡಿ, ತೊಗಟೆ ಕಟ್ಟಿಕೊಂಡು ಬಂದು "ಇದಕ್ಕ ಏನ್ ಹೊಡೀಬೇಕ್ರಿ?" ಎನ್ನುತ್ತಾರೆ. ಎಷ್ಟೋ ಸಲ ಅದು ಯಾವುದೋ ಜೀವಿಯ ಮೊಟ್ಟೆಯ ಮನೆಯಾಗಿರುತ್ತದೆ. ಮೊಟ್ಟೆ ಕಾಯುವುದಕ್ಕೆ ಅವು ಮಾಡುವ ಉಪಾಯ ನೋಡಿದರೆ ನನಗೆ ಈಗಲೂ ಸೋಜಿಗವೇ. ಜೇಡ ನೂಲಿನ ಚೀಲ ಹೊಲಿಯುತ್ತದೆ. ಜಿರಳೆ ಕಂದು ಬಣ್ಣದ ಪುಟ್ಟ ಪರ್ಸು ಮಾಡಿ ಬೆನ್ನ ಹಿಂದೆ ಹೊತ್ತು ತಿರುಗುತ್ತದೆ. ಕಬ್ಬಿನ ಸುಳಿ ಕೊರೆಯುವ ಹುಳದ ಚಿಟ್ಟೆ ಎಲೆಯ ಮೇಲೆ ಮೊಟ್ಟೆ ಇಟ್ಟು, ತನ್ನ ಮೈಮೇಲಿನ ರೋಮ ಹೊದಿಸಿ ಹೋಗುತ್ತದೆ. ಮುಂಗಾಲು ಮಡಚಿ ಪ್ರಾರ್ಥನೆಗೆ ನಿಂತಂತೆ ಕಾಣುವ ಹಸಿರು ಹುಳವನ್ನು ನೀವೆಲ್ಲ ನೋಡಿರುತ್ತೀರಿ. ಅತ್ತೆ ಅದನ್ನು ಕೈಮುಗಿಯೋ ಹುಳ ಎನ್ನುತ್ತಾಳೆ. ಅದು ಕಡ್ಡಿಯ ಮೇಲೆ ನೊರೆ ಬಿಡುತ್ತ, ಆ ನೊರೆಯೊಳಗೆ ಸಾಲಾಗಿ ಮೊಟ್ಟೆ ಇಡುತ್ತ ಹೋಗುತ್ತದೆ. ಬೆಲ್ಲ ಕಾಸುವ ಕೊಪ್ಪರಿಗೆಯ ಅಂಚಿನಲ್ಲಿ ನೊರೆ ಒಣಗಿ ಗಟ್ಟಿಯಾಗುತ್ತದಲ್ಲ, ಹಾಗೆಯೇ ಇದೂ ಒಣಗಿ ಬಾರಿಹಣ್ಣಿನ ಗಾತ್ರದ ಗೂಡಾಗುತ್ತದೆ. ಮಳೆ, ಬಿಸಿಲು, ಇರುವೆ ಯಾವುದೂ ಒಳಗೆ ಹೋಗುವುದಿಲ್ಲ.

ಒಂದು ಮಾತ್ರ ಹೋಗುತ್ತದೆ. ಸಾಸಿವೆಯಷ್ಟಿರುವ ಒಂದು ಜಾತಿಯ ಕಣಜ ಆ ಗೂಡಿಗೆ ತನ್ನ ಮೊಟ್ಟೆ ಚುಚ್ಚಿಬಿಡುತ್ತದೆ. ಆಮೇಲೆ ಒಳಗಿನ ಮೊಟ್ಟೆಗಳನ್ನು ಕಣಜದ ಮರಿಗಳು ತಿಂದು, ಗೂಡಿನ ಮಗ್ಗುಲಿಗೆ ಸೂಜಿಯಿಂದ ಚುಚ್ಚಿದಂಥ ತೂತು ಮಾಡಿಕೊಂಡು ಹಾರಿಹೋಗುತ್ತವೆ. ತೂತು ಬಿದ್ದ ಗೂಡೆಂದರೆ ಖಾಲಿ ಗೂಡು. ಇಷ್ಟು ಗೊತ್ತಿದ್ದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಅತ್ತೆಯ ಊರು ಕಾಗವಾಡದ ಕಡೆ, ಅಥಣಿಯಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ಮಾವ ತೀರಿಕೊಂಡ ಮೇಲೆ ಮಗ ಭರತೇಶ, ಸೊಸೆ ಸುಜಾತಾ ಜೊತೆ ಇದ್ದಾಳೆ. ಮೂರು ಎಕರೆ ದ್ರಾಕ್ಷಿ ಇದೆ. ದಸರೆಯ ಆಸುಪಾಸಿನಲ್ಲಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಕತ್ತರಿಸಿದ ಕಡ್ಡಿಯನ್ನೆಲ್ಲ ಒಟ್ಟಿ ಬೆಂಕಿ ಹಚ್ಚುವುದು ರೂಢಿ. ಅತ್ತೆಯ ತೋಟದಲ್ಲಿ ಮಾತ್ರ ಚಾಟ್ನಿಗೆ ಮೊದಲು ಇನ್ನೊಂದು ಕೆಲಸ ಇರುತ್ತದೆ. ಅವಳು ಹಳೆಯ ಬಿಳಿ ಸೀರೆಯನ್ನು ಬೆರಳಗಲದ ಪಟ್ಟಿಯಾಗಿ ಹರಿದು ಮಡಿಲಲ್ಲಿ ತುಂಬಿಕೊಂಡು, ಸಾಲು ಸಾಲಾಗಿ ತೋಟವೆಲ್ಲ ತಿರುಗುತ್ತಾಳೆ. ಯಾವ ಕಡ್ಡಿಯ ಮೇಲೆ ಜೇಡನ ಚೀಲವೋ ಹುಳದ ಗೂಡೋ ಕಂಡಿತೋ ಅದಕ್ಕೊಂದು ಪಟ್ಟಿ ಕಟ್ಟುತ್ತಾಳೆ. ಪಟ್ಟಿ ಇದ್ದ ಕಡ್ಡಿಗೆ ಕತ್ತರಿ ತಾಗಿಸುವಂತಿಲ್ಲ. ಮರಿ ಹೊರಗೆ ಬಂದ ಮೇಲೆ ಅವಳೇ ಬಂದು ಅದನ್ನು ಕತ್ತರಿಸುತ್ತಾಳೆ. ಚಾಟ್ನಿ ಮುಗಿದ ತೋಟ ನೋಡಿದರೆ ನಡುನಡುವೆ ಉದ್ದುದ್ದ ಕಡ್ಡಿಗಳು ಬಿಳಿ ಬಾವುಟ ಹಿಡಿದು ನಿಂತಿರುತ್ತವೆ. ಆಳುಗಳು ಮುಸಿಮುಸಿ ನಗುತ್ತಾರೆ, ಆದರೆ ಪಟ್ಟಿ ತಪ್ಪಿಸಿಯೇ ಕತ್ತರಿ ಹಾಕುತ್ತಾರೆ.

ಒಮ್ಮೆ ನಾನು ಛೇಡಿಸಿದ್ದೆ. "ಅತ್ತಿ, ನೀ ಉಳಿಸೋ ಆ ಕೈಮುಗಿಯೋ ಹುಳ ಏನ್ ಸಾಮಾನ್ಯ ಅಂದುಕೊಂಡೀಯೇನು? ಸಿಕ್ಕ ಹುಳಾನೆಲ್ಲ ಜೀವಂತ ಹಿಡದ ತಿಂತೈತಿ. ನನ್ನ ಅಂಗಡಿಕಿಂತ ದೊಡ್ಡ ಹಿಂಸಾ ಅದರದು." ಅತ್ತೆ ಒಂದಿಷ್ಟೂ ವಿಚಲಿತಳಾಗಲಿಲ್ಲ. "ಅದರ ಕರ್ಮ ಅದಕ್ಕ. ನನ್ನ ಕತ್ರಿ ಲೆಕ್ಕ ನನಗ" ಎಂದಳು.

ನಾನು ಹೇಳುತ್ತಿರುವ ವರ್ಷ ಅವಳಿಗೆ ಮಿರಜಿನಲ್ಲಿ ಕಣ್ಣಿನ ಪೊರೆ ತೆಗೆಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಹೊಲಕ್ಕೆ ಹೋಗಬೇಡಿ, ಧೂಳು ಬಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಪಟ್ಟಿ ಕಟ್ಟುವ ಕೆಲಸ ಸುಜಾತಾಳ ಪಾಲಿಗೆ ಬಂತು. ಅವಳು ಎರಡು ದಿನ ಬಿಸಿಲಲ್ಲಿ ತಿರುಗಿ ಶ್ರದ್ಧೆಯಿಂದಲೇ ಕಟ್ಟಿದಳು. ಆದರೆ ಅವರ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಚಾಟ್ನಿಯ ದಿನ ಮೊದಲ ಬಳ್ಳಿಯ ಮೊದಲ ಕಡ್ಡಿಯನ್ನು ಮನೆಯ ಹಿರಿಯರು ಕತ್ತರಿಸಬೇಕು. ಮಾವ ಹೋದ ಮೇಲೆ ಅದು ಅತ್ತೆಯ ಕೆಲಸ. ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಗೆ ಸಿಕ್ಕ ಕಡ್ಡಿ ಹಿಡಿದು ಕತ್ತರಿಸಿದಳು. ಮೂಲೆಯ ಮೊದಲ ಬಳ್ಳಿಯನ್ನು ಅತ್ತೆಯೇ ನೋಡಿಕೊಳ್ಳುತ್ತಾಳೆಂದು ಸುಜಾತಾ ಬಿಟ್ಟಿದ್ದಳು. ಸುಜಾತಾ ಎಲ್ಲವನ್ನೂ ನೋಡಿದ್ದಾಳೆಂದು ಅತ್ತೆ ನಂಬಿದ್ದಳು.

ಕಡ್ಡಿ ಅವಳ ಕೈಯಲ್ಲೇ ಉಳಿಯಿತು. ಹೆಬ್ಬೆರಳಿಗೆ ಏನೋ ಒರಟಾಗಿ ತಾಗಿತು. ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದರೆ ಕೈಮುಗಿಯೋ ಹುಳದ ಗೂಡು. ನಾನು ಅಲ್ಲೇ ನಿಂತಿದ್ದೆ. ಪ್ರತಿವರ್ಷ ಚಾಟ್ನಿಯ ಪೂಜೆಗೆ ಹೋಗುವವನು ನಾನು. ಏನಾಯಿತೆಂದು ನಮಗೆ ತಿಳಿಯುವಷ್ಟರಲ್ಲಿ ಅವಳು ಪೂರ್ವಕ್ಕೆ ತಿರುಗಿ, ಆ ಕಡ್ಡಿಯನ್ನು ಎರಡೂ ಅಂಗೈಯ ನಡುವೆ ಹಿಡಿದು ಕಣ್ಣು ಮುಚ್ಚಿದ್ದಳು. ನಿಯಮ ತಗೊಂಡಿದ್ದಳು. ಆ ಗೂಡಿನಿಂದ ಮರಿ ಹೊರಗೆ ಬಂದು ಬಳ್ಳಿ ಸೇರುವ ತನಕ ದಿನಕ್ಕೆ ಒಂದೇ ಹೊತ್ತು ಊಟ, ಅದೂ ಮಧ್ಯಾಹ್ನ. ಆಮೇಲೆ ಮರುದಿನದವರೆಗೆ ಕಾಸಿ ಆರಿಸಿದ ನೀರು, ಬೆಳಗಿನ ಗುಳಿಗೆ ಬಿಟ್ಟು ಬೇರೇನೂ ಇಲ್ಲ.

ನಮ್ಮಲ್ಲಿ ನಿಯಮ ತಗೊಳ್ಳುವುದು ದೊಡ್ಡ ಸುದ್ದಿಯಲ್ಲ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಇನ್ನೊಬ್ಬರು ಚಪ್ಪಲಿ ಬಿಡುತ್ತಾರೆ. ಆದರೆ ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಹೊತ್ತು ಹೊತ್ತಿಗೆ ತಿನ್ನದಿದ್ದರೆ ಕೈಕಾಲು ನಡುಗಿ ಬೆವರು ಬರುತ್ತದೆ. ಹಿಂದಿನ ವರ್ಷ ಹೀಗೆಯೇ ಆಗಿ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದಳು. ಭರತೇಶ ಗೋಗರೆದ. ಚಾತುರ್ಮಾಸಕ್ಕೆ ಹತ್ತಿರದ ಊರಲ್ಲೇ ಮುನಿ ಮಹಾರಾಜರಿದ್ದಾರೆ, ಅವರ ಮುಂದೆ ಹೋಗಿ ಬಿಡಿಸಿಕೊಂಡು ಬರೋಣ ಎಂದ. ಅತ್ತೆ ಹೇಳಿದ್ದು ಇಷ್ಟೇ: "ನಾ ನಿಯಮ ತಗೊಂಡದ್ದ ಮಹಾರಾಜರ ಮುಂದಲ್ಲ. ಅದರ ಮುಂದ."

ಕಡ್ಡಿಯನ್ನು ಪಡಸಾಲೆಯ ಕಿಟಕಿಯ ಸರಳಿಗೆ ಕೆಂಪು ದಾರದಿಂದ ಕಟ್ಟಿದರು. ಅವತ್ತೇ ಹೊರಡುವ ಮುಂಚೆ ನಾನು ಯಾವಾಗಲೂ ಜೇಬಲ್ಲಿರುವ ಭೂತಗನ್ನಡಿ ಹಿಡಿದು ಅದನ್ನು ನೋಡಿದೆ. ಗೂಡಿನ ಎರಡೂ ಮಗ್ಗುಲಿಗೆ ಸಣ್ಣ ಸಣ್ಣ ತೂತುಗಳಿದ್ದವು. ಬೆರಳಿನಿಂದ ಒತ್ತಿದರೆ ಟೊಳ್ಳು. ಕಣಜಗಳು ಎಂದೋ ತಿಂದು ಮುಗಿಸಿ ಹೋಗಿದ್ದವು. ಅತ್ತೆ ಕತ್ತರಿಸಿದ್ದು ಖಾಲಿ ಗೂಡನ್ನು. ಅವಳು ಯಾವ ಪಾಪವನ್ನೂ ಮಾಡಿರಲಿಲ್ಲ, ಆದರೆ ಎಂದೂ ಬಾರದ ಮರಿಗಳಿಗಾಗಿ ನಿಯಮ ತಗೊಂಡು ಕೂತಿದ್ದಳು.

ಅದನ್ನು ಅವಳಿಗೆ ಹೇಳಿದೆ ಕೂಡ. "ಅತ್ತಿ, ಒಳಗ ಏನೂ ಉಳದಿಲ್ಲ, ಕಣಜ ತಿಂದ ಹೋಗ್ಯಾವ. ತೂತು ಕಾಣಸ್ತಾವು ನೋಡು." ಅವಳು ಗೂಡಿನ ಮೇಲೆ ಮೆಲ್ಲಗೆ ಬೆರಳಾಡಿಸಿ, "ಅದಾವ. ಎಲ್ಲಾನೂ ತಿಂದಿಲ್ಲ ಅವು" ಎಂದಳು. ಹುಳ ಕೊಲ್ಲುವ ಔಷಧ ಮಾರುವವನ ಮಾತು ನಂಬಬೇಕೆಂದು ಕೇಳುವ ಅಧಿಕಾರ ನನಗೂ ಇರಲಿಲ್ಲ. ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಹೊರಟೆ.

ಹದಿಮೂರನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದಳು. ಸುಜಾತಾ ಸಕ್ಕರೆ ನೀರು ತಂದರೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದಳಂತೆ. ಊರಿನ ಡಾಕ್ಟರು ಬಂದು ರಕ್ತನಾಳಕ್ಕೆ ಸಲಾಯಿನ್ ಹಚ್ಚಿದರು. ಅದು ಬಾಯಿಂದ ತಿನ್ನುವುದಲ್ಲ ಎಂದು ಒಪ್ಪಿಕೊಂಡಳು. ಹೀಗೇ ನಡೆದರೆ ಇನ್ನೊಂದು ಸಲ ಬಿದ್ದಾಗ ಏಳಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಭರತೇಶನಿಗೆ ಸ್ಪಷ್ಟವಾಗಿ ಹೇಳಿಹೋದರು.

ಮರುದಿನ ನಾನು ಒಂದು ಮೋಸ ಮಾಡಿದೆ. ಹಳ್ಳದ ದಂಡೆಯ ಬಾರಿಗಿಡಗಳನ್ನೆಲ್ಲ ಹುಡುಕಿ, ಅಂಥದೇ ಇನ್ನೊಂದು ಗೂಡು ತಂದೆ. ತೂತಿಲ್ಲದ, ತುಂಬಿಕೊಂಡ, ಇನ್ನು ನಾಲ್ಕೈದು ದಿನದಲ್ಲಿ ಒಡೆಯಬಹುದಾದಂಥ ಗೂಡು. ಅತ್ತೆ ಊಟ ಮುಗಿಸಿ ಮಲಗಿದ್ದಾಗ ಸುಜಾತಾ ಬಾಗಿಲಲ್ಲಿ ಕಾವಲು ನಿಂತಳು. ನಾನು ಹಳೆಯದನ್ನು ಬಿಚ್ಚಿ, ಹೊಸ ಗೂಡನ್ನು ಬುಡಸಮೇತ ಕೊಯ್ದು ದ್ರಾಕ್ಷಿಯ ಕಡ್ಡಿಯೊಂದಕ್ಕೆ ಅಂಟಿಸಿ, ಅದೇ ಕೆಂಪು ದಾರದಿಂದ ಕಟ್ಟಿದೆ. "ಭಾವಾರ, ಪಾಪ ಹತ್ತೂದಿಲ್ಲೇನ್ರಿ?" ಎಂದು ಸುಜಾತಾ ಪಿಸುಗುಟ್ಟಿದಳು. "ಹತ್ತಿದರ ನನಗ ಹತ್ತಲಿ. ನನಗೇನ್ ಹೊಸದಲ್ಲ" ಎಂದೆ. ನಗಿಸಬೇಕೆಂದು ಹೇಳಿದ್ದು. ಅವಳು ನಗಲಿಲ್ಲ.

ಹಳೆಯ ಗೂಡು ಜೇಬಿನಲ್ಲಿತ್ತು. ಅಂಗಡಿಗೆ ಬಂದು ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ ಕೂತೆ. "ಅದಾವ" ಎಂದು ಅತ್ತೆ ಅಷ್ಟು ಖಾತ್ರಿಯಾಗಿ ಹೇಳಿದ್ದು ಕಿವಿಯಲ್ಲೇ ಇತ್ತು. ಅವಳದು ತಪ್ಪು, ನನ್ನದು ಸರಿ ಎಂದು ಕಣ್ಣಾರೆ ನೋಡಬೇಕೆನಿಸಿತು. ಬೇರೆ ಕಾರಣ ಇರಲಿಲ್ಲ. ಹೊಸ ಬ್ಲೇಡು ತೆಗೆದು ಗೂಡನ್ನು ನಟ್ಟನಡುವೆ ಅಡ್ಡ ಕೊಯ್ದೆ. ಎರಡೂ ಹೋಳಿನಲ್ಲಿ ಒಣ ಪುಡಿ, ಖಾಲಿ ಕೋಣೆಗಳು, ಹೊರಗೆ ಬರಲಾರದೆ ಸತ್ತ ಒಂದು ಕಣಜ. ಮೊಬೈಲಿನಲ್ಲಿ ಫೋಟೋ ತೆಗೆದು, ಧಾರವಾಡದಲ್ಲಿ ಕೀಟಶಾಸ್ತ್ರ ಕಲಿಸುವ ನನ್ನ ಗೆಳೆಯನಿಗೆ ಕಳಿಸಿದೆ. ಒಂದೇ ಪದದ ಉತ್ತರ ಬಂತು: "ಖಾಲಿ." ಸಮಾಧಾನವಾಯಿತು. ಎರಡೂ ಹೋಳನ್ನು ಮೇಜಿನ ಕೆಳಗಿನ ಡ್ರಾವರಿಗೆ ಎಸೆದು ಮುಚ್ಚಿದೆ.

ಆ ಡ್ರಾವರಿನ ಬಗ್ಗೆ ಒಂದು ಮಾತು ಹೇಳಬೇಕು. ಕಂಪನಿಯವರು ಕೊಟ್ಟು ಹೋಗುವ ಔಷಧದ ಸ್ಯಾಂಪಲ್ ಪುಡಿಕೆಗಳನ್ನು ನಾನು ಹಾಕಿಡುವುದು ಅದರಲ್ಲೇ. ಒಂದೆರಡು ಒಡೆದು ಪುಡಿ ಚೆಲ್ಲಿರುತ್ತದೆ. ತೆಗೆದರೆ ಮೂಗು ಉರಿಯುತ್ತದೆ. ದಾರಿ ತಪ್ಪಿ ಒಳಗೆ ಹೋದ ಜಿರಳೆ ಮರುದಿನ ಅಂಗಾತ ಬಿದ್ದಿರುತ್ತದೆ. ಇರುವೆ ಕೂಡ ಆ ಕಡೆ ಹಾಯುವುದಿಲ್ಲ.

ಮೂರು ದಿನ ಕಳೆದವು. ಆ ದಿನ ಸಂಜೆ ನಾಲ್ಕು ಗಂಟೆ ದಾಟಿತ್ತು. ಅಂಗಡಿಯಲ್ಲಿ ನಾನೊಬ್ಬನೇ ಕೂತು ಪೇಪರ್ ಓದುತ್ತಿದ್ದೆ. ಸುಜಾತಾಳ ಫೋನು ಬಂತು. ಗಾಬರಿಯ ಧ್ವನಿ.

"ಭಾವಾರ, ಅತ್ತ್ಯಾರು ಒಮ್ಮೇಲೆ ಎದ್ದ ಕುಂತಾರ. ಮರಿ ಬಂದಾವ ಅಂತಾರ್ರಿ. ಮಧ್ಯಾಹ್ನದ ಊಟಾನೂ ಮಾಡಿಲ್ಲ. ಅವು ಬಳ್ಳಿ ಸೇರಿದ ಮ್ಯಾಲೆ ಉಣ್ಣತೀನಿ ಅಂತ ಕುಂತಾರ."

ನನಗೆ ಖುಷಿಯಾಯಿತು. ನನ್ನ ಅಂದಾಜು ಸರಿಯಾಗಿತ್ತಲ್ಲ. "ಮತ್ತೇನು, ಛಲೋ ಆತಲ್ಲ. ಕಡ್ಡಿ ಬಿಚ್ಚಿ ಬಳ್ಳಿಗೆ ಕಟ್ಟು, ಉಣ್ಣಾಕ ನೀಡು" ಎಂದೆ.

"ಇಲ್ರಿ. ಕಿಟಕ್ಯಾಗಿಂದ ಏನೂ ಬಂದಿಲ್ಲ, ನಾ ನೋಡೇನಿ. ಅವರೂ ಕಿಟಕಿ ಕಡೆ ನೋಡವಲ್ರು. ಅವು ನಿಮ್ಮ ಹಂತೇಕ ಅದಾವಂತ. ತಗೊಂಡ ಬರಾಕ ಹೇಳು ಅಂತಾರ."

ನೀನೇನಾದರೂ ಗೂಡು ಬದಲಿಸಿದ್ದನ್ನು ಬಾಯಿಬಿಟ್ಟೆಯಾ ಎಂದು ಕೇಳಿದೆ. ಅವಳು ಮಕ್ಕಳ ಮೇಲೆ ಆಣೆ ಇಟ್ಟಳು. ಹಸಿವಿಗೆ, ನಿಶ್ಶಕ್ತಿಗೆ ಮುದುಕಿಯ ತಲೆ ಅತ್ತಿತ್ತ ಆಗಿದೆ ಎಂದುಕೊಂಡೆ. ಬರುತ್ತೇನೆಂದು ಹೇಳು, ಅಷ್ಟರಲ್ಲಿ ಹೇಗಾದರೂ ಎರಡು ತುತ್ತು ಉಣ್ಣಿಸು ಎಂದು ಫೋನಿಟ್ಟೆ. ಡ್ರಾವರನ್ನು ಎಳೆದದ್ದು ನಂಬಿಕೆಯಿಂದಲ್ಲ. ಏನೂ ಇಲ್ಲ ಎಂಬುದನ್ನು ಇನ್ನೊಂದು ಸಲ ನೋಡಿಕೊಂಡು ಹೊರಡೋಣ ಎಂದು ಎಳೆದೆ.

ಡ್ರಾವರಿನ ತುಂಬ ಮರಿಗಳಿದ್ದವು. ಎಷ್ಟು ಎಂದು ಕೇಳಬೇಡಿ, ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೋಧಿಹುಲ್ಲಿನ ಬಣ್ಣದ, ಇರುವೆಗಿಂತ ತುಸು ಉದ್ದದ ಮರಿಗಳು ಕಟ್ಟಿಗೆಯ ನಾಲ್ಕೂ ಬದಿಗೆ, ಪುಡಿಕೆಗಳ ಮೇಲೆ, ಚೆಲ್ಲಿದ ಔಷಧದ ಪುಡಿಯ ಮೇಲೆ ಓಡಾಡುತ್ತಿದ್ದವು. ಒಂದೂ ಸತ್ತಿರಲಿಲ್ಲ. ಹೋಳೊಂದರ ಅಂಚಿನಿಂದ ಸಣ್ಣ ಎಳೆ ಇಳಿಬಿದ್ದಿತ್ತು, ಹೊರಗೆ ಬರುವಾಗ ಈ ಮರಿಗಳು ಜೋತುಬೀಳುವುದು ಅಂಥ ಎಳೆಗೆ. ಆ ತುದಿಯಲ್ಲಿ ಕೊನೆಯ ಒಂದು ಮರಿ ಇನ್ನೂ ಒದ್ದಾಡುತ್ತಿತ್ತು. ಬೆಳಕು ಬಿದ್ದದ್ದೇ ಹತ್ತಿರವಿದ್ದ ಕೆಲವು ಮುಂಗಾಲು ಎತ್ತಿ ನಿಂತವು.

ನನಗೆ ಹೆದರಿಕೆಯಾಯಿತು. ಬೇರೆ ಏನೇನೋ ಅನಿಸಿತೆಂದು ಬರೆಯಬಹುದು, ಆದರೆ ನಿಜ ಹೇಳಬೇಕೆಂದರೆ ಹೆದರಿಕೆಯೇ ಆಯಿತು. ಕುರ್ಚಿ ಹಿಂದೆ ಸರಿಸಿ ಎದ್ದು ನಿಂತೆ. ಆಮೇಲೆ ಹೊಳೆದದ್ದು ಹೊತ್ತು. ಅತ್ತೆ ಬೆಳಿಗ್ಗೆ ಗುಳಿಗೆ ನುಂಗಿದ್ದಾಳೆ, ಮಧ್ಯಾಹ್ನ ಉಂಡಿಲ್ಲ. ಸೂರ್ಯ ಮುಳುಗಿದ ಮೇಲೆ ಅವಳು ಜನ್ಮದಲ್ಲಿ ಉಂಡವಳಲ್ಲ. ಅಷ್ಟರೊಳಗೆ ಇವು ಬಳ್ಳಿ ಸೇರದಿದ್ದರೆ ನಾಳೆಯ ತನಕ ಖಾಲಿ ಹೊಟ್ಟೆ, ನಾಳೆ ಅವಳು ಏಳುತ್ತಾಳೋ ಇಲ್ಲವೋ.

ಕಾಗದದ ತುದಿಯಿಂದ ಒಂದೊಂದೇ ಮರಿಯನ್ನು ಸರಿಸಿ ಪುಡಿಕೆಗಳನ್ನೆಲ್ಲ ತೆಗೆದೆ. ಎರಡು ಹೋಳುಗಳನ್ನು ಎತ್ತಿ, ಒಂದೂ ಮರಿ ಅಂಟಿಲ್ಲವೆಂದು ನೋಡಿ, ಒಳಗಿನ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದೆ. ನಾನು ಕೊಯ್ದದ್ದು ಅತ್ತೆಗೆ ಕಾಣಬಾರದಿತ್ತು. ನಾಚಿಕೆ ಎನ್ನಿ. ಆಮೇಲೆ ಡ್ರಾವರನ್ನು ಪೂರ್ತಿ ಹೊರಗೆಳೆದು, ಮೇಲೆ ತೆಳ್ಳನೆಯ ಪಂಜೆ ಹೊದಿಸಿ, ಅಂಗಡಿ ಮುಚ್ಚಿದೆ. ಅಷ್ಟರಲ್ಲೇ ಗಿರಾಕಿಯೊಬ್ಬ ಬಂದು, "ಸಾಹುಕಾರ್ರ, ಟೇಬಲ್ದ ಡ್ರಾವರ್ ಎತ್ಲಾಗ ಒಯ್ಯಾಕತ್ತೀರಿ?" ಎಂದ. ಅವನಿಗೆ ಏನು ಹೇಳಿದೆನೋ ನೆನಪಿಲ್ಲ.

ಆ ರಸ್ತೆ ಎಂಥದೆಂದು ಆ ಕಡೆಯವರಿಗೆ ಗೊತ್ತು. ಜೋರಾಗಿ ಓಡಿಸಿದರೆ ಗುಂಡಿಗೆ ಬಿದ್ದು ಡ್ರಾವರ್ ಹಾರುತ್ತದೆ, ನಿಧಾನಕ್ಕೆ ಹೋದರೆ ಹೊತ್ತು ಮುಳುಗುತ್ತದೆ. ಗಾಜು ಏರಿಸಿಕೊಂಡು, ಒಂದು ಕೈ ಪಕ್ಕದ ಸೀಟಿನ ಮೇಲಿದ್ದ ಡ್ರಾವರಿಗೆ ಆನಿಸಿ, ಬೆವರುತ್ತ ಹೋದೆ. ದಿನವಿಡೀ ಹುಳ ಸಾಯುವ ಔಷಧ ತೂಗಿಕೊಡುವ ಕೈ ಅದು. ಎದುರಿಗೆ ಬಂದ ಟ್ರ್ಯಾಕ್ಟರಿನವನು ದಾರಿ ಬಿಡದಿದ್ದಾಗ ಅವನ ಏಳು ತಲೆಮಾರು ಎತ್ತಿ ಬೈದೆ.

ನಾನು ಊರು ಮುಟ್ಟಿದಾಗ ಬಿಸಿಲು ತೋಟದ ಕಂಬಗಳ ನೆತ್ತಿಯ ಮೇಲಷ್ಟೇ ಉಳಿದಿತ್ತು. ಅತ್ತೆ ಮನೆಯಲ್ಲಿರಲಿಲ್ಲ. ಭರತೇಶ ಅವಳನ್ನು ಮೊದಲ ಬಳ್ಳಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದ. ಮುಖ ಬಿಳಿಚಿಕೊಂಡಿತ್ತು. ಪಂಜೆ ಸರಿಸಿ ಡ್ರಾವರನ್ನು ಅವಳ ಮುಂದೆ ಹಿಡಿದೆ. ಅವಳು ಬಗ್ಗಿ ನೋಡಿ ಕೈಮುಗಿದಳು. ಇವು ನಿನ್ನ ಹತ್ತಿರ ಹೇಗೆ ಬಂದವು ಎಂದು ಕೇಳಲಿಲ್ಲ. ಡ್ರಾವರನ್ನು ಬಳ್ಳಿಯ ಬುಡಕ್ಕೆ ಆನಿಸಿ ಓರೆ ಮಾಡಿದೆ. ಮರಿಗಳು ಸಾಲು ಹಿಡಿದು ಕಾಂಡದ ಮೇಲೆ ಏರಿ, ಆಗಷ್ಟೇ ಒಡೆಯುತ್ತಿದ್ದ ಚಿಗುರಿನೊಳಗೆ ಮರೆಯಾದವು. ಕೊನೆಯದು ಏರುವ ತನಕ ಭರತೇಶ ಒಂದೇ ಸಮ ಪಡುವಣ ಕಡೆ ನೋಡುತ್ತಿದ್ದ.

ಸುಜಾತಾ ತಟ್ಟೆಯನ್ನು ಹೊಲಕ್ಕೇ ತಂದಿದ್ದಳು. ಅನ್ನ, ಹೆಸರುಬೇಳೆಯ ಸಾರು. ಅತ್ತೆ ನಾಲ್ಕು ತುತ್ತು ಉಂಡ ಮೇಲೆ ಮುಖಕ್ಕೆ ಬಣ್ಣ ಬಂತು. ನಾನು ಮಣ್ಣಿನ ಮೇಲೆಯೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿಡುವುದೇನಿದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟಳು. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದಳು:

"ಅದೆಲ್ಲಾ ಇರಲಿ. ಅದನ್ನ ಎರಡ ತುಂಡ ಯಾಕ ಮಾಡಿದಿ ಬಾಳಾ?"

ಹೋಳುಗಳು ನನ್ನ ಜೇಬಿನಲ್ಲಿದ್ದವು, ಗುಂಡಿ ಹಾಕಿಯೇ ಇತ್ತು. ಕೊಯ್ದದ್ದು ಸುಜಾತಾಳಿಗೆ ಗೊತ್ತಿರಲಿಲ್ಲ, ಭರತೇಶನಿಗೆ ಗೊತ್ತಿರಲಿಲ್ಲ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಗೊತ್ತಿದ್ದವನು ಧಾರವಾಡದ ಗೆಳೆಯನೊಬ್ಬ. ಅವನು ಅತ್ತೆಯ ಹೆಸರನ್ನೂ ಕೇಳಿದವನಲ್ಲ. ನನ್ನ ಕೈ ತಾನಾಗಿಯೇ ಜೇಬಿನ ಗುಂಡಿಯ ಮೇಲೆ ಹೋಯಿತು. ಅವಳು "ಇರಲಿ, ನೀನೂ ಉಣ್ಣು, ಹೊತ್ತ ಮುಳಗತೈತಿ" ಎಂದು ಸುಜಾತಾಳಿಗೆ ಇನ್ನೊಂದು ತಟ್ಟೆ ಹಚ್ಚಲು ಹೇಳಿದಳು.

ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಕಣಜ ಕೆಲವು ಸಲ ಎಲ್ಲ ಮೊಟ್ಟೆಯನ್ನೂ ತಿನ್ನುವುದಿಲ್ಲ, ನಿನ್ನ ಬ್ಲೇಡು ಅವು ತಿಂದ ಭಾಗಕ್ಕೇ ಬಿದ್ದಿರಬೇಕು, ಉಳಿದವು ಬದುಕಿರಬೇಕು ಎಂದ. ಒಪ್ಪಿಕೊಳ್ಳಬಹುದು. ಫೋಟೋ ಮತ್ತೆ ನೋಡು ಎಂದೆ. ನೋಡಿ, ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ, ನೀನು ಬೇರೆ ಗೂಡಿನ ಫೋಟೋ ಕಳಿಸಿರಬೇಕು ಎಂದ. ಚೆಲ್ಲಿದ ಪುಡಿ ಹಳತಾಗಿ ಸತ್ವ ಕಳೆದುಕೊಂಡಿರಬೇಕು ಎಂದೂ ಹೇಳಿದ. ಅದೇ ವಾರ ಆ ಡ್ರಾವರಿನಲ್ಲಿ ಎರಡು ಜಿರಳೆ ಸತ್ತು ಬಿದ್ದಿದ್ದವು. ಅತ್ತೆಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಅವಳನ್ನೇ ಒಂದು ಸಲ ಕೇಳಿದೆ. "ನನಗೇನ್ ಗೊತ್ತೋ, ಹಂಗ ಅನಿಸ್ತು" ಎಂದು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಬಹುಶಃ ಅವಳಿಗೆ ಅದು ವಿಚಿತ್ರ ಅನಿಸಿರಲೇ ಇಲ್ಲ.

ಅಂಗಡಿ ಈಗಲೂ ನಡೆಯುತ್ತಿದೆ, ಔಷಧ ಈಗಲೂ ಮಾರುತ್ತೇನೆ. ಅತ್ತೆ ಗಟ್ಟಿಮುಟ್ಟಾಗಿದ್ದಾಳೆ. ಈಗ ಮೊದಲ ಕಡ್ಡಿ ಕತ್ತರಿಸುವ ಮುನ್ನ ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡುತ್ತಾಳೆ. ಪಟ್ಟಿ ಕಟ್ಟಲು ಸುಜಾತಾಳ ಜೊತೆ ನಾನೂ ಎರಡು ದಿನ ಹೋಗುತ್ತೇನೆ. ಆ ಪ್ರಶ್ನೆಯನ್ನು ಅತ್ತೆ ಮತ್ತೆ ಎತ್ತಿಲ್ಲ.

ಒಂದು ಸಂಗತಿ ಉಳಿಯಿತು. ನಾನು ಮೋಸದಿಂದ ಕಿಟಕಿಗೆ ಕಟ್ಟಿದ್ದ ಆ ತುಂಬಿದ ಗೂಡಿನಿಂದ ಮರಿ ಬರಲೇ ಇಲ್ಲ. ಒಂದು ತಿಂಗಳು ಕಾದು, ಎರಡು ತಿಂಗಳು ಕಾದು, ಕೊನೆಗೆ ಸುಜಾತಾ ಅದನ್ನು ಕೆಂಪು ದಾರದ ಸಮೇತ ಬಿಚ್ಚಿ ನನಗೆ ಕೊಟ್ಟಳು. ಅಂಗಡಿಗೆ ತಂದು ಮೇಜಿನ ಮೇಲಿಟ್ಟೆ. ಒಳಗೆ ಏನಾಗಿದೆ ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಬ್ಲೇಡು ತೆಗೆದೆ, ಕಾಗದ ಬಿಚ್ಚಿದೆ, ಗೂಡನ್ನು ಎರಡು ಬೆರಳ ನಡುವೆ ಹಿಡಿದೆ. ಯಾಕೆ ಎಂದು ಅತ್ತೆ ಕೇಳಿದಂತಾಯಿತು.

ಬ್ಲೇಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟೆ. ಆ ಗೂಡು ಈಗ ನನ್ನ ಅಂಗಡಿಯ ಕಿಟಕಿಯ ಸರಳಿಗೆ, ಅದೇ ಕೆಂಪು ದಾರದಲ್ಲಿ, ಹಾಗೆಯೇ ಇಡಿಯಾಗಿ ಇದೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲು ಅದನ್ನು ನೋಡುತ್ತೇನೆ.